ಜೀನ್ಸ್ ಓಣಿಯ ಅರವತ್ತಮೂರು ಜೋಡಿ ಕೈಗಳು

ಸುಸ್ಥಿರ ನಗರ ಕೋಶದ ಮುಖ್ಯಾಧಿಕಾರಿಗಳಿಗೆ,
ಬಳ್ಳಾರಿ

ಮಾನ್ಯರೇ,

ನಮ್ಮ ಓಣಿಯಲ್ಲಿ ಏದುಸಿರು ಬಿಡುತ್ತಿರುವ ಹೆಂಗಸರನ್ನು ನೀವು ಒಂದು ಸೊನ್ನೆ ಬರೆದು ಆರೋಗ್ಯವಂತರನ್ನಾಗಿ ಮಾಡಿದ್ದೀರಿ. ಅದೇ ಸೊನ್ನೆಯನ್ನು ಮುಂದಿಟ್ಟುಕೊಂಡು, ಓಣಿಗೆ ಕೊಡುತ್ತೇವೆಂದಿದ್ದ ಸಂಜೆಯ ಎದೆ ಚಿಕಿತ್ಸಾಲಯವನ್ನು ರದ್ದು ಮಾಡಿದ್ದೀರಿ. ಇದಕ್ಕೆ ಕಳವು ಎಂಬುದಲ್ಲದೆ ಬೇರೆ ಹೆಸರು ನನಗೆ ತಿಳಿದಿಲ್ಲ. ಕದ್ದದ್ದೇನು ಎಂದು ಕೇಳುವಿರಾದರೆ, ನನ್ನ ಅಕ್ಕ ರೇಣುಕಾಳ ಉಸಿರು.

ಕಳೆದ ತಿಂಗಳು ನೀವು ಬಿಡುಗಡೆ ಮಾಡಿದ ವರದಿ ನನ್ನ ಮುಂದಿದೆ. ಹೊಳಪು ಕಾಗದ, ಮುಖಪುಟದಲ್ಲಿ ಕೋಟೆಗುಡ್ಡ, ಗುಡ್ಡದ ನೆತ್ತಿಯ ಮೇಲೊಂದು ಹಸಿರು ಎಲೆ. ಬೇಸಿಗೆಯಲ್ಲಿ ಆ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತವರು ಯಾರೂ ಅಲ್ಲಿ ಎಲೆ ಬರೆಯುವುದಿಲ್ಲ, ಇರಲಿ. 'ಯಾರೂ ಹಿಂದುಳಿಯದ ಬಳ್ಳಾರಿ' ಎಂದು ಅದರ ಹೆಸರು. ಹದಿನಾಲ್ಕನೆಯ ಪುಟದಲ್ಲಿ ನಾವಿದ್ದೇವೆ. ತಪಾಸಣೆಗೆ ಬಂದ ಮಹಿಳೆಯರು: ಅರವತ್ತಮೂರು. ಉದ್ಯೋಗದಿಂದ ಉಂಟಾದ ಉಸಿರಾಟದ ತೊಂದರೆ: ಸೊನ್ನೆ. ಷರಾ: ಚಿಕಿತ್ಸಾಲಯದ ಅಗತ್ಯ ಕಂಡುಬರುವುದಿಲ್ಲ. ಅದೇ ವರದಿಯ ಇಪ್ಪತ್ತೊಂದನೆಯ ಪುಟದಲ್ಲಿ, ಕಂಟೋನ್ಮೆಂಟ್ ಕಡೆ ಮರಗಳ ನೆರಳಲ್ಲಿ ಒಂದು 'ಆರೋಗ್ಯ ನಡಿಗೆ ಪಥ' ಮಾಡುವುದಾಗಿ ಬರೆದಿದ್ದೀರಿ. ಉಸಿರು ಇರುವವರಿಗೆ ಓಡಾಡಲು ಜಾಗ ಸಿಕ್ಕಿತು. ಉಸಿರು ಇಲ್ಲದವರಿಗೆ ಷರಾ ಸಿಕ್ಕಿತು. ಸಮಾನತೆ ಎಂಬ ಪದ ನಿಮ್ಮ ವರದಿಯಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಲು ಹೋಗಿ ಮೂವತ್ತಕ್ಕೆ ನಿಲ್ಲಿಸಿದೆ.

ತಾವು ಜೀನ್ಸ್ ತೊಡುತ್ತೀರೋ ಇಲ್ಲವೋ ನಾನರಿಯೆ. ಅಂಗಡಿಯಲ್ಲಾದರೂ ನೋಡಿರುತ್ತೀರಿ: ಹೊಸ ಪ್ಯಾಂಟೇ, ಆದರೆ ತೊಡೆಯ ಮೇಲೆ ಮಾಸಿದಂತೆ, ಮೊಣಕಾಲಲ್ಲಿ ಸವೆದಂತೆ ಕಾಣುತ್ತದೆ. ಅದು ತಾನಾಗಿ ಸವೆದದ್ದಲ್ಲ. ಒಬ್ಬ ಹೆಂಗಸು ಅದನ್ನು ಹಲಗೆಯ ಮೇಲೆ ಬಿಗಿಯಾಗಿ ಎಳೆದು ಹಾಸಿ, ಎಮರಿ ಕಾಗದ ಹಿಡಿದು, ಬಣ್ಣ ಬಿಡುವವರೆಗೆ ಉಜ್ಜುತ್ತಾಳೆ. ಒಂದಾದ ಮೇಲೆ ಒಂದು, ಬೆಳಿಗ್ಗೆಯಿಂದ ಸಂಜೆ ಆರರವರೆಗೆ. ಹಾರುವ ನೀಲಿ ಧೂಳು ಅವಳ ರೆಪ್ಪೆಗೆ, ಕೂದಲಿಗೆ, ಬುತ್ತಿಯ ರೊಟ್ಟಿಗೆ ಕೂರುತ್ತದೆ. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಾಳೆ. ಸಂಜೆ ಸೆರಗು ಬಿಚ್ಚಿದರೆ ಒಳಭಾಗವೂ ನೀಲಿಯೇ ಇರುತ್ತದೆ. ಯಾರೋ ಪಟ್ಟಣದವನ ಹೊಸ ಪ್ಯಾಂಟು ಹಳೆಯದಾಗಿ ಕಾಣಬೇಕೆಂಬ ಶೋಕಿಗೆ ನನ್ನ ಅಕ್ಕನ ಎದೆ ಮೂವತ್ತೊಂದನೆಯ ವಯಸ್ಸಿಗೇ ಹಳೆಯದಾಗಿದೆ.

ನಮ್ಮೂರು ಸಿರುಗುಪ್ಪ ತಾಲ್ಲೂಕಿನದು. ಅಕ್ಕ ಮೊದಲು ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಹೊಟ್ಟು ಗುಡಿಸುತ್ತಿದ್ದಳು. ಹದಿನೇಳಕ್ಕೆ ನನ್ನನ್ನು ಕರೆದುಕೊಂಡು ಬಳ್ಳಾರಿಗೆ ಬಂದು ಉಜ್ಜುವ ಹಲಗೆಯ ಮುಂದೆ ಕುಳಿತಳು. ಹದಿನಾಲ್ಕು ವರ್ಷವಾಯಿತು, ಎದ್ದಿಲ್ಲ. ಅವಳು ಉಜ್ಜಿದ್ದರಿಂದ ನಾನು ಪಿಯುಸಿ ಮುಗಿಸಿದೆ, ಅದೇ ಕಾರ್ಖಾನೆಯಲ್ಲಿ ಗುಂಡಿ ಪರೀಕ್ಷಿಸುವ ಮೇಜಿಗೆ ಸೇರಿದೆ. ಮುಂದೆ ನಾನು ಓದಿದ್ದೆಲ್ಲ ಕರಪತ್ರಗಳು. ಬಸ್ ನಿಲ್ದಾಣದಲ್ಲಿ ಹಂಚಿದ್ದು, ಸಂಘಟನೆಯವರು ಕೊಟ್ಟದ್ದು, ನಿಮ್ಮ ಇಲಾಖೆಗಳು ಗೋಡೆಗೆ ಹಚ್ಚಿದ್ದು. ನಿಮ್ಮ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳೂ ನನಗೆ ಬಾಯಿಪಾಠ. ಮೂರನೆಯದು ಎಲ್ಲರಿಗೂ ಆರೋಗ್ಯ, ಹತ್ತನೆಯದು ಅಸಮಾನತೆ ತಗ್ಗಿಸುವುದು. ನಿಮ್ಮ ಕರಪತ್ರಗಳನ್ನು ಪೂರ್ತಿ ಓದಿ ನಂಬಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಈ ಪತ್ರದ ಮೂಲವೂ ಆ ನಂಬಿಕೆಯೇ.

ಆಗಸ್ಟಿನಲ್ಲಿ ನಿಮ್ಮ ಶಿಬಿರದ ಕರಪತ್ರ ಬಂತು. ಉಸಿರಿನ ಬಲ ಅಳೆಯುವ ಊದು ಯಂತ್ರವನ್ನು ತರಲಾಗುವುದು, ತೊಂದರೆ ಕಂಡುಬಂದರೆ ಓಣಿಯಲ್ಲೇ ಸಂಜೆ ಚಿಕಿತ್ಸಾಲಯ ತೆರೆಯಲಾಗುವುದು ಎಂದಿತ್ತು. ಸಂಜೆ ಎಂಬ ಮಾತು ಓದಿ ನನ್ನ ಕಣ್ಣು ಒದ್ದೆಯಾಯಿತು. ಹಗಲು ಆಸ್ಪತ್ರೆಗೆ ಹೋದವಳ ಹಲಗೆಗೆ ಮರುದಿನ ಬೇರೆಯವಳು ಕೂತಿರುತ್ತಾಳೆ ಎಂಬ ಸಂಗತಿ ಸರಕಾರಕ್ಕೆ ಯಾರೋ ಹೇಳಿದ್ದಾರಲ್ಲ ಎಂದು. ಕರಪತ್ರದ ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: ಶಿಬಿರಕ್ಕೆ ಬರುವವರು ಕಡ್ಡಾಯವಾಗಿ ಸ್ವಚ್ಛವಾಗಿ ಬರತಕ್ಕದ್ದು.

ಅದನ್ನು ನಲ್ಲಿಯ ಹತ್ತಿರ ನಿಂತು ಗಟ್ಟಿಯಾಗಿ ಓದಿ ಹೇಳಿದವಳು ನಾನು. ಇದನ್ನು ಮುಚ್ಚಿಡುವುದಿಲ್ಲ.

ನಮ್ಮ ಓಣಿಯ ಹೆಂಗಸರಿಗೆ ಕೈಯ ವಿಷಯದಲ್ಲಿ ಒಂದು ನಾಚಿಕೆ ಇದೆ. ಮದುವೆಗೆ ಹೋದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಅಕ್ಷತೆ ಹಾಕುತ್ತಾರೆ. ಬೀಗರ ಮನೆಯಲ್ಲಿ ಊಟಕ್ಕೆ ಕೂತರೆ ನೀಲಿ ಉಗುರು ಕಾಣದಂತೆ ತುತ್ತು ಕಟ್ಟುತ್ತಾರೆ. ಅದಕ್ಕೇ ಪ್ರತಿ ಮನೆಯ ಬಚ್ಚಲಲ್ಲೂ ಒಂದು ತೂತುತೂತಿನ ಹಗುರ ಕಲ್ಲು ಇರುತ್ತದೆ. ಬಟ್ಟೆಗೆ ಮಾಸಿದ ಬಣ್ಣ ಬರಿಸಲು ತೊಳೆಯುವ ಘಟಕದವರು ಯಂತ್ರಕ್ಕೆ ಹಾಕುವ ಕಲ್ಲು ಅದು. ಚೂರಾದದ್ದನ್ನು ತಂದು, ಹಬ್ಬದ ಹಿಂದಿನ ದಿನ ಬ್ಲೀಚಿಂಗ್ ನೀರಲ್ಲಿ ಕೈ ಅದ್ದಿ, ಆ ಕಲ್ಲಿನಿಂದ ಉಜ್ಜಿಕೊಳ್ಳುತ್ತಾರೆ. ಹಗಲೆಲ್ಲ ಪ್ಯಾಂಟಿನ ಬಣ್ಣ ತೆಗೆದು, ಸಂಜೆ ತಮ್ಮ ಬಣ್ಣ ತೆಗೆದುಕೊಳ್ಳುತ್ತಾರೆ.

ಶಿಬಿರದ ಹಿಂದಿನ ಸಂಜೆ ನಲ್ಲಿಯ ಸುತ್ತ ಅರವತ್ತಮೂರು ಜನ. ಎಲ್ಲರಿಗಿಂತ ಹಿರಿಯಳಾದ ದೊಡ್ಡಬಸಮ್ಮ ಕಲ್ಲು ಹಿಡಿದು ನಿಂತಿದ್ದಳು.

"ಇಷ್ಟ್ಯಾಕ ಉಜ್ಜಾಕತ್ತೀಯವಾ, ಸಾಹೇಬ್ರು ನಿನ್ನ ಹೆಣ್ಣು ನೋಡಾಕ ಬರ್ತಾರೇನು?" ಎಂದು ಯಾರೋ ಕೇಳಿದರು.

"ಬಂದ್ರ ಬರ್ಲಿ ಬಿಡು. ನನ್ನ ನೋಡಿದ್ರ ಊದೋ ಮಿಷಿನ್ನು ಅವ್ರಿಗೇ ಬೇಕಾಗತೈತಿ," ಎಂದಳು ದೊಡ್ಡಬಸಮ್ಮ. ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧ ಜನಕ್ಕೆ ಕೆಮ್ಮು ಬಂತು. ಆ ಕೆಮ್ಮು ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂದು ನಿಮ್ಮ ವರದಿಯಲ್ಲಿ ಎಲ್ಲಿದೆ, ಮಾನ್ಯರೇ?

ಅಕ್ಕ ಮಾತ್ರ ಹಿಂದೆ ಕುಳಿತಿದ್ದಳು. "ನನಗ್ಯಾಕೋ ಸರಿ ಅನ್ಸವಲ್ದು ಭಾಗ್ಯ. ಬಣ್ಣ ತೆಗದ್ರ ಅವ್ರಿಗೇನು ತಿಳಿತೈತಿ?" ಎಂದಳು.

ನಾನು ಕರಪತ್ರ ತೋರಿಸಿ ಗದರಿದೆ. "ಕಡ್ಡಾಯ ಅಂತ ಬರದೈತಿ ನೋಡು. ಹೊಲಸು ಅದಾವ ಅಂತ ನಿನ್ನ ವಾಪಸ್ ಕಳಿಸಿದ್ರ?" ಅವಳ ಕೈಯನ್ನು ನಾನೇ ಹಿಡಿದು ಉಜ್ಜಿದೆ. ಎಡಗೈ ಹೆಬ್ಬೆರಳಿನ ಬದಿಯಲ್ಲಿ ರಕ್ತ ಜಿನುಗುವವರೆಗೆ ಉಜ್ಜಿದೆ. ಮರುದಿನ ಅವಳು ಕೆಮ್ಮಬಾರದೆಂದು ಬಾಯಿಗೆ ಲವಂಗ ಹಾಕಿಕೊಟ್ಟವಳೂ ನಾನೇ.

ಶಿಬಿರ ರಜೆಯ ಭಾನುವಾರವಿತ್ತು, ಎಲ್ಲರೂ ಪೆಟ್ಟಿಗೆಯ ಸೀರೆ ತೆಗೆದು ಉಟ್ಟು, ತಲೆಗೆ ಹೂ ಮುಡಿದು ಬಂದರು. ನಿಮ್ಮ ಸಿಬ್ಬಂದಿ ಒಂದು ನಮೂನೆ ಹಿಡಿದು ಕುಳಿತಿದ್ದರು. ಮೊದಲ ಪ್ರಶ್ನೆ: ಕಾರ್ಖಾನೆಯ ಗುರುತಿನ ಚೀಟಿ ಇದೆಯೇ? ಉಜ್ಜುವವರಿಗೆ ಯಾವ ಕಾಲಕ್ಕೂ ಚೀಟಿ ಕೊಟ್ಟಿಲ್ಲ. ಇಲ್ಲ ಎಂದವರ ಉದ್ಯೋಗ 'ಗೃಹಿಣಿ' ಎಂದಾಯಿತು. ಎರಡನೆಯ ಪ್ರಶ್ನೆ: ಕೈಗಳಲ್ಲಿ ಬಣ್ಣ ಅಥವಾ ಧೂಳಿನ ಗುರುತು ಕಾಣುವುದೇ? ಎರಡಕ್ಕೂ 'ಇಲ್ಲ' ಬಂದರೆ ಊದುವ ಪರೀಕ್ಷೆ ಬೇಕಿಲ್ಲ, ಮುಂದಿನವರನ್ನು ಕರೆಯಿರಿ. ಇಷ್ಟೇ ನಿಮ್ಮ ವಿಜ್ಞಾನ.

"ಕೈ ತೋರಸ್ರಿ," ಎಂದರು ಅಕ್ಕನಿಗೆ. ಎರಡೂ ಕೈ ಚಾಚಿದಳು. "ಚೊಲೋ ಅದಾವ. ಹೋಗ್ರಿ." ಬಾಯಲ್ಲಿ ಲವಂಗ ಕಚ್ಚಿಕೊಂಡೇ ಬಾಗಿಲು ದಾಟಿ, ಹೊರಗಿನ ಬೇವಿನ ಮರದ ತನಕ ಹೋಗಿ, ಅದನ್ನು ಹಿಡಿದುಕೊಂಡು ಕೆಮ್ಮಿದಳು. ನಾನು ಒಳಗೆ ಓಡಿ ಹೋಗಿ, ಇವರೆಲ್ಲ ಜೀನ್ಸ್ ಉಜ್ಜುವವರು, ಯಂತ್ರಕ್ಕೆ ಊದಿಸಿ ಎಂದೆ. ನಮೂನೆಯಲ್ಲಿ ಆ ಕಾಲಂ ಇಲ್ಲ ಎಂಬ ಉತ್ತರ ಬಂತು. ಅರವತ್ತಮೂರು ಜನರ ತಪಾಸಣೆ ಊಟದ ಹೊತ್ತಿಗೆ ಮುಗಿಯಿತು. ಆ ಯಂತ್ರ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಒಬ್ಬಳೂ ಊದದ ಯಂತ್ರದಿಂದ ಸೊನ್ನೆ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ವರದಿ ಬಂದ ಮೇಲೆ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನಿಮಗೆ ನೆನಪಿರಲಾರದು. ಮೂರು ಸಲ ಬಂದು ನಾಲ್ಕನೆಯ ಸಲ ಒಳಗೆ ಬಿಡಿಸಿಕೊಂಡವಳು. ನಡೆದದ್ದನ್ನೆಲ್ಲ ಹೇಳಿದೆ. ಕೈ ತೊಳೆಸಿದ್ದು ನಾನೇ, ನಿಮ್ಮ ಕರಪತ್ರ ನಂಬಿ ತಪ್ಪು ಮಾಡಿದೆ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಕೈ ಮುಗಿದೆ. ನೀವು ಕಡತದಿಂದ ತಲೆ ಎತ್ತದೆ ಹೇಳಿದಿರಿ:

"ನೋಡಮ್ಮ, ತೊಳೆದರೆ ಹೋಗುವಂಥದ್ದಾಗಿದ್ದರೆ ಅದು ಸಮಸ್ಯೆಯೇ ಅಲ್ಲ."

ಮಾತು ಚೆನ್ನಾಗಿ ಬಂತೆಂದು ನಿಮಗೇ ಅನ್ನಿಸಿತೋ ಏನೋ, ಪಕ್ಕದವರ ಕಡೆ ನೋಡಿದಿರಿ, ಅವರು ನಕ್ಕರು. ಮಾನ್ಯರೇ, ಕೈಯದು ತೊಳೆದರೆ ಹೋಗುತ್ತದೆ. ಎದೆಯೊಳಗೆ ಕೂತದ್ದನ್ನು ಯಾವ ಕಲ್ಲಿನಿಂದ ಉಜ್ಜಬೇಕು? ಅದನ್ನು ನಿಮ್ಮನ್ನು ಕೇಳದೆ ಹೋದೆನಲ್ಲ ಎಂದು ಅಂದಿನಿಂದ ಹಲ್ಲು ಕಡಿಯುತ್ತಿದ್ದೇನೆ. ಅದಕ್ಕೇ ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ. ಹೊರಗೆ ಬರುವಾಗ ನಿಮ್ಮ ಕಚೇರಿಯ 'ಕ್ಷೇಮ ಕೊಠಡಿ'ಯ ಬಾಗಿಲು ತೆರೆದಿತ್ತು. ಒಳಗೆ ಒಂದು ಕುಂಡದ ಗಿಡ, ತೂಕದ ಯಂತ್ರ, ಅದರ ಪಕ್ಕದಲ್ಲಿ ನಮ್ಮ ಊದು ಯಂತ್ರ. ಸಿಬ್ಬಂದಿಯ ಉಪಯೋಗಕ್ಕಾಗಿ ಎಂಬ ಚೀಟಿ ಅಂಟಿಸಿದ್ದರು. ಕಡತ ಹೊತ್ತು ಒಂದು ಮಹಡಿ ಏರುವವರ ಉಸಿರು ಅಷ್ಟು ಅಮೂಲ್ಯವೆಂದು ನನಗೆ ಅಂದೇ ತಿಳಿದದ್ದು.

ಈಗ ರೇಣುಕಾ ಹೇಗಿದ್ದಾಳೆಂದು ಕೇಳಿ. ನಲ್ಲಿಯಿಂದ ನಮ್ಮ ಮನೆಗೆ ಹದಿನೆಂಟು ಮೆಟ್ಟಿಲು. ಹೋದ ವರ್ಷ ಎರಡು ಕೊಡ ಹೊತ್ತು ಒಂದೇ ದಮ್ಮಿಗೆ ಏರುತ್ತಿದ್ದಳು. ಈಗ ಒಂದೇ ಕೊಡ, ಮೂರು ಕಡೆ ನಿಲ್ಲುತ್ತಾಳೆ. ನಿಂತಾಗ ನೋಡಿದವರಿಗೆ ಗೊತ್ತಾಗಬಾರದೆಂದು ಕೆಳಗಿನ ಮನೆಯವರ ಜೊತೆ ಮಾತು ತೆಗೆಯುತ್ತಾಳೆ. ಸಿರುಗುಪ್ಪದಲ್ಲಿ ಪರಿಚಯದ ವೈದ್ಯರೊಬ್ಬರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಮೊದಲು ಊದುವ ಪರೀಕ್ಷೆ ಮಾಡಿಸಬೇಕು, ಕಾಯುವಂತಿಲ್ಲ, ಆ ಧೂಳಿನಿಂದ ಏಳಿಸಬೇಕು ಎಂದರು. ಅವಳಿಗೆ ಹಲಗೆ ಹಂಚುವ ಮೇಸ್ತ್ರಿ ಎರ್ರಣ್ಣನ ಬಳಿ ಹೋಗಿ, ಧೂಳಿಲ್ಲದ ಕಡೆ ಕೂರಿಸು ಎಂದು ಕೇಳಿದೆ. ಅವನು ಕೆಟ್ಟವನಲ್ಲ. ಜೇಬಿನಿಂದ ನಿಮ್ಮ ಹದಿನಾಲ್ಕನೆಯ ಪುಟದ ಪ್ರತಿ ತೆಗೆದ.

"ನಾನೇನು ಮಾಡ್ಲೆವ್ವಾ? ಓನರ್ರು ಎಲ್ರಿಗೂ ಕೊಟ್ಟಾರ ಇದನ್ನ. ಯಾರಿಗೂ ಏನೂ ಇಲ್ಲಂತ ಸರಕಾರನೇ ಬರದೈತಿ. ಸರಕಾರದ ಕಾಗದ ತಗಂಬಾ, ನಾಳೆನೇ ಎಬ್ಬಸ್ತೀನಿ."

ನಿಮ್ಮ ಸೊನ್ನೆ ಈಗ ನಿಮ್ಮ ಕಪಾಟಿನಲ್ಲಿಲ್ಲ. ಅದು ಎರ್ರಣ್ಣನ ಜೇಬಿನಲ್ಲಿ ಮಡಿಚಿಕೊಂಡು ಕುಳಿತು ನನ್ನ ಅಕ್ಕನನ್ನು ದಿನಾ ಹಲಗೆಯ ಮುಂದೆ ಕೂರಿಸುತ್ತಿದೆ.

ವರದಿಯ ಕೊನೆಯಲ್ಲಿ ನಮ್ಮ ಬಟ್ಟೆ ತೊಳೆಯುವ ಘಟಕಗಳನ್ನು ಹೊಗಳಿದ್ದೀರಿ. ಚಾವಣಿಯ ಮೇಲೆ ಸೌರ ಫಲಕ, ಒಂದು ಹನಿ ನೀರೂ ಪೋಲಾಗದಂತೆ ಮರುಬಳಕೆ. ಒಪ್ಪುತ್ತೇನೆ, ಒಳ್ಳೆಯ ಕೆಲಸ. ನೀರನ್ನು ಸೋಸಿ ನಾಲ್ಕು ಸಲ ಬಳಸುವ ನೀವು ಹೆಂಗಸನ್ನು ಮಾತ್ರ ಒಂದೇ ಸಲ ಬಳಸಿ ಚೆಲ್ಲುವುದು ಯಾವ ಸುಸ್ಥಿರತೆ? ಬಹುಕಾಲ ಬಾಳುವ ಅಭಿವೃದ್ಧಿ ಎಂದರೆ ಮೊದಲು ಬಾಳಬೇಕಾದವರು ಯಾರು, ಪ್ಯಾಂಟೇ? ಊರಾಚೆಯ ಸಂಗನಕಲ್ಲು ಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದೆ ಕೂತು ಕಲ್ಲು ಕೊಡಲಿ ಉಜ್ಜಿದವರ ಗುರುತನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿ ತೋರಿಸುತ್ತೀರಿ. ಶಾಲೆಯಲ್ಲಿದ್ದಾಗ ನಾನೂ ಸಾಲಿನಲ್ಲಿ ನಿಂತು ನೋಡಿದ್ದೇನೆ. ಇವತ್ತು ಬೆಳಿಗ್ಗೆ ಕೂತು ಉಜ್ಜಿದವಳ ಕೈ ಗುರುತು ನೋಡಲು ನಿಮಗೆ ಪುರುಸೊತ್ತಿಲ್ಲ. ಅವಳೂ ಮಣ್ಣಿನಡಿ ಸೇರಿ ಅಷ್ಟು ಹಳಬಳಾಗಲಿ ಎಂದು ಕಾಯುತ್ತಿದ್ದೀರಾ? ನಿಮ್ಮ ಗುರಿಗಳಿಗೆ ಎರಡು ಸಾವಿರದ ಮೂವತ್ತರವರೆಗೆ ಗಡುವಿದೆ. ಅಕ್ಕನಿಗೆ ಆ ಗಡುವನ್ನು ಓದಿ ಹೇಳಿದೆ. "ನಾನು ಅಲ್ಲೀತನ ಮೆಟ್ಲ ಮ್ಯಾಲೇ ನಿಂತಿರಬೇಕಾ?" ಎಂದಳು.

ಇಷ್ಟಾದರೂ ನಾನು ಬಹುಶಃ ಅರ್ಜಿ ಹಿಡಿದುಕೊಂಡೇ ಓಡಾಡುತ್ತಿದ್ದೆ. ಆದರೆ ಹೋದ ಸೋಮವಾರ ಸಿರುಗುಪ್ಪಕ್ಕೆ ಹೋದಾಗ ಬಸ್ ನಿಲ್ದಾಣದ ಗೋಡೆಯ ಮೇಲೆ ನಿಮ್ಮ ಹೊಸ ಕರಪತ್ರ ಕಂಡೆ. ಬಳ್ಳಾರಿ ಮಾದರಿಯ ಯಶಸ್ಸಿನ ನಂತರ ಸಿರುಗುಪ್ಪದ ಗಿರಣಿ ಕೆಲಸಗಾರರಿಗೆ ಶಿಬಿರ. ಬುಧವಾರ ಕುರುಗೋಡಿಗೆ ಹೋದಾಗ ಅಲ್ಲಿನ ಗೋಡೆಯ ಮೇಲೂ ಅದೇ ಕಂಡೆ. ಅಲ್ಲಿಗೆ ಈಗ ಆಟೋದಲ್ಲಿ ಪ್ಯಾಂಟಿನ ಗಂಟು ಹೋಗುತ್ತದೆ, ಮನೆಯ ಪಡಸಾಲೆಯಲ್ಲೇ ಉಜ್ಜುತ್ತಾರೆ, ತೊಟ್ಟಿಲು ಪಕ್ಕದಲ್ಲೇ ಇರುತ್ತದೆ. ಎರಡೂ ಊರಿನ ಕರಪತ್ರದ ಕೊನೆಯಲ್ಲಿ ಅದೇ ದಪ್ಪ ಅಕ್ಷರ: ಕಡ್ಡಾಯವಾಗಿ ಸ್ವಚ್ಛವಾಗಿ ಬರತಕ್ಕದ್ದು. ನಾನು ಬಂದು ಹೇಳಿದ ಮೇಲೂ, ತಿಳಿದ ಮೇಲೂ, ಆ ಸಾಲು ಹಾಗೇ ಇದೆ. ಆಗಸ್ಟಿನದು ಅಜ್ಞಾನ ಎಂದು ಬಿಡಬಹುದಿತ್ತು. ಇದನ್ನು ಏನೆನ್ನಲಿ?

ಆದ್ದರಿಂದ ಸರಕಾರಿ ಕಾಗದ ಕೆಡಿಸಿದ ಅಪರಾಧವನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಸಿರುಗುಪ್ಪದಲ್ಲಿ ಇಪ್ಪತ್ತಾರು, ಕುರುಗೋಡಿನಲ್ಲಿ ಹತ್ತೊಂಬತ್ತು ಕಡೆ ಆ ಸಾಲಿನ ಮೇಲೆ ಗೀಟೆಳೆದು, ಕೆಳಗೆ ಜೀನ್ಸಿನ ನೀಲಿಯಲ್ಲೇ ಬರೆದಿದ್ದೇನೆ: ಕೈ ತೊಳೆಯದೆ ಬನ್ನಿ. ಕೆಮ್ಮು ಬಂದರೆ ಕೆಮ್ಮಿ. ದೂರು ಕೊಡುವುದಿದ್ದರೆ ಕೊಡಿ, ಬರವಣಿಗೆ ನನ್ನದೇ. ನಿಮ್ಮ ಹದಿನಾಲ್ಕನೆಯ ಪುಟಕ್ಕೂ ನಾವು ಇಷ್ಟು ಮಾಡಿದ್ದೇವೆ: ಅದರ ಅರವತ್ತಮೂರು ಪ್ರತಿ ಮಾಡಿಸಿ, ಕೆಲಸ ಬಿಟ್ಟ ತಕ್ಷಣ ಒಬ್ಬೊಬ್ಬಳೂ ಆ ಸೊನ್ನೆಯ ಮೇಲೆ ಅಂಗೈ ಒತ್ತಿದ್ದಾಳೆ. ಕೆಳಗೆ ಹೆಸರಿದೆ, ಎಷ್ಟು ವರ್ಷದಿಂದ ಉಜ್ಜುತ್ತಿದ್ದಾಳೆಂದು ಇದೆ. ಅವನ್ನು ನಿಮಗೆ ಕಳಿಸುವುದಿಲ್ಲ. ಕಡತಕ್ಕೆ ಸೇರಿದ್ದು ಏನಾಗುತ್ತದೆಂದು ಕಲಿಸಿದವರು ನೀವೇ. ನೀವು ವರದಿ ಬಿಡುಗಡೆ ಮಾಡಿ ಹಾರ ಹಾಕಿಸಿಕೊಂಡ ಸಭಾಂಗಣದ ಎದುರು ಒಂದು ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದಂತೆ ಒಣಹಾಕುತ್ತೇವೆ. ದಾರಿಯಲ್ಲಿ ಹೋಗುವವರು ಓದಲಿ. ನಿಮ್ಮ ಮಕ್ಕಳೂ ಆ ದಾರಿಯಲ್ಲಿ ಹೋಗುವವರಾದರೆ ಅವರೂ ಓದಲಿ.

ನ್ಯಾಯ ಕೇಳಬೇಕೆಂದು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ನನಗೆ ಬೇಕಾದದ್ದು ಸೇಡು ಎಂದು ತಿಳಿಯಿತು. ನಿಮ್ಮ ಕ್ಷಮೆ ಬೇಡ, ವಿಷಾದ ಬೇಡ. ನೀವು ಅಳಿಸಿದ್ದನ್ನು ನೀವೇ ಕೂತು, ನಿಮ್ಮದೇ ಅಕ್ಷರದಲ್ಲಿ, ನಮ್ಮೆದುರು ಮತ್ತೆ ಬರೆಯಬೇಕು. ಅದೇ ನನ್ನ ಸೇಡು. ಊದು ಯಂತ್ರವನ್ನು ಕ್ಷೇಮ ಕೊಠಡಿಯಿಂದ ತನ್ನಿ. ಅದನ್ನು ಬಲ್ಲ ವೈದ್ಯರನ್ನು ಕರೆತನ್ನಿ. ಕಾಲಂ ಇಲ್ಲದ ಆ ನಮೂನೆಯನ್ನು ಕಚೇರಿಯಲ್ಲೇ ಬಿಟ್ಟು ಬನ್ನಿ. ಮೊದಲು ರೇಣುಕಾ ಊದುತ್ತಾಳೆ. ಬಂದ ಅಂಕಿಯನ್ನು ನೀವು ಗಟ್ಟಿಯಾಗಿ ಓದಿ, ಸಹಿ ಹಾಕಿ, ಎರ್ರಣ್ಣನ ಕೈಗೆ ಕೊಡಬೇಕು. ಉಳಿದ ಅರವತ್ತೆರಡು ಜನರದೂ ಹಾಗೆಯೇ. ಸಂಜೆ ಚಿಕಿತ್ಸಾಲಯದ ಆದೇಶ ಅಲ್ಲೇ ಆಗಬೇಕು.

ಕೈ ತೊಳೆಯದೆ ನಿಮ್ಮೆದುರು ನಿಲ್ಲಲು ಹೆಂಗಸರನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಹೊಲಸು ಕೈ ಇಟ್ಕಂಡು ದೊಡ್ಡವ್ರ ಮುಂದ ನಿಂದ್ರಾಕ ನನ್ನ ಕೈಲಿ ಆಗಂಗಿಲ್ಲ," ಎಂದು ದೊಡ್ಡಬಸಮ್ಮ ಎರಡು ದಿನ ಹಟ ಹಿಡಿದಳು. ಕೊನೆಗೆ ಅಕ್ಕನೇ ಮೆಟ್ಟಿಲ ಮೇಲೆ ನಿಂತು, ಉಸಿರು ತೆಗೆದುಕೊಂಡು, "ಹೊಲಸು ನಮ್ಮದಲ್ಲ ಬಿಡವ್ವಾ, ಪ್ಯಾಂಟಿಂದು," ಎಂದಳು. ದೊಡ್ಡಬಸಮ್ಮ ತನ್ನ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡಳು. "ಆತು, ತೊಳಕಳ್ಳಂಗಿಲ್ಲ. ಆದ್ರ ಸೀರಿ ಮಾತ್ರ ಚೊಲೋದು ಉಡ್ತೀನಿ."

ಈ ಸಾಲು ಬರೆಯುವಾಗ ಅಕ್ಕ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಾಳೆ. "ಲೇ, ನನ್ನ ಉಸುರು ನಿನ್ನ ಪತ್ರಕ್ಕಿಂತ ಸಣ್ಣದೈತಿ. ಜಲ್ದಿ ಮುಗಸು," ಎನ್ನುತ್ತಿದ್ದಾಳೆ.

ಮುಗಿಸುತ್ತೇನೆ. ಕೆಲಸ ಬಿಡುವುದು ಆರಕ್ಕೆ, ಓಣಿಗೆ ನಡೆದು ಬರಲು ಅರ್ಧ ಗಂಟೆ. ನಲ್ಲಿಯ ಬಾಯಿಗೆ ಅಂದು ಬಟ್ಟೆ ಸುತ್ತಿ ಕಟ್ಟಿರುತ್ತೇವೆ. ನಿಮಗಾಗಿ ಒಂದು ಕುರ್ಚಿ, ಒಂದು ಮೇಜು, ಒಂದು ಪೆನ್ನು ಇರುತ್ತದೆ. ನೀವು ಬಾರದಿದ್ದರೆ ಸೋಮವಾರ ಹತ್ತಕ್ಕೆ ನಾವೇ ಇದೇ ಕೈಗಳಲ್ಲಿ ನಿಮ್ಮ ಕಚೇರಿಗೆ ಬರುತ್ತೇವೆ, ಗೋಡೆಗೆ ಹೊಸದಾಗಿ ಬಿಳಿ ಸುಣ್ಣ ಹೊಡೆಸಿದ್ದೀರೆಂದು ಕೇಳಿದ್ದೇನೆ. ಅಷ್ಟು ದೂರ ನಡೆಸಬೇಡಿ, ಅಕ್ಕನಿಗೆ ಆಗುವುದಿಲ್ಲ. ನೀವೇ ಬನ್ನಿ: ಡಿಸೆಂಬರ್ 13, ಶನಿವಾರ, ಸಂಜೆ ಆರೂವರೆಗೆ, ಓಣಿಯ ನಲ್ಲಿಯ ಹತ್ತಿರ.

ಇಂತಿ,
ತಮ್ಮ ಕರಪತ್ರವನ್ನು ಅಕ್ಷರಕ್ಕೆ ಅಕ್ಷರ ನಂಬಿ
ಒಡಹುಟ್ಟಿದವಳ ಕೈ ತೊಳೆಸಿದ
ಭಾಗ್ಯ